ಲೂಪಿನಲ್ಲಿ ಸಿಕ್ಕಿಕೊಂಡ ಕುಕ್ಕರ್

ಕಳೆದ ತಿಂಗಳು ನಮ್ಮ ಮನೆಯಲ್ಲಿ ತೊಗರಿಬೇಳೆ ಬೇಯುವುದನ್ನೇ ನಿಲ್ಲಿಸಿಬಿಟ್ಟಿತು.

ತಮಾಷೆಯಲ್ಲ. ಭಾನುವಾರ ಮಧ್ಯಾಹ್ನ ನುಗ್ಗೇಕಾಯಿ ಹುಳಿ. ಘಮವೇನೋ ಬೀದಿ ತನಕ ಹೋಗಿತ್ತು. ಅನ್ನಕ್ಕೆ ಹಾಕಿಕೊಂಡು ಕಲಸಿದರೆ ಬೇಳೆ ಒಂದು ಕಡೆ, ನೀರು ಒಂದು ಕಡೆ. ಬಾಯಿಗಿಟ್ಟರೆ ಹಲ್ಲಿಗೆ ಕಟಕ್ ಎನ್ನುತ್ತಿತ್ತು. ನನ್ನ ಹೆಂಡತಿ ಸುಧಾ ಮೊದಲು ತಟ್ಟೆ ನೋಡಿದಳು, ಆಮೇಲೆ ಅಮ್ಮನ ಮುಖ ನೋಡಿದಳು. ಅಮ್ಮ ತಲೆ ಎತ್ತಲಿಲ್ಲ.

ಬೇಳೆ ಬೇಯದಿದ್ದರೆ ಅಮ್ಮನ ಮುಖ ಏಕೆ ನೋಡಬೇಕು?

ಏಕೆಂದರೆ ಪದ್ಮನಾಭನಗರದ ನಮ್ಮ ಮನೆಯಲ್ಲಿ ಕುಕ್ಕರ್ ವಿಷಲ್ ಎಣಿಸುವುದು ಅಮ್ಮನ ಖಾತೆ. ಮಂಡಿ ನೋವು ಹೆಚ್ಚಾದ ಮೇಲೆ ಅವಳಿಗೆ ಅಡುಗೆಮನೆಯಲ್ಲಿ ನಿಲ್ಲಲು ಆಗುವುದಿಲ್ಲ. ಒಗ್ಗರಣೆ ಕೈಬಿಟ್ಟಿತು, ಚಪಾತಿ ಲಟ್ಟಿಸುವುದು ಕೈಬಿಟ್ಟಿತು, ಕಾಯಿ ತುರಿಯುವುದೂ ಹೋಯಿತು. ಉಳಿದದ್ದು ಇದೊಂದೇ. ಹಾಲಿನ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತು ಅಲ್ಲಿಂದಲೇ "ಒಂದು", "ಎರಡು" ಎಂದು ಹೇಳುತ್ತಾಳೆ. "ಮೂರಾಯ್ತು, ಆಫ್ ಮಾಡೇ ಸುಧಾ" ಎಂದರೆ ಮುಗಿಯಿತು. ಸುಧಾ ಹಿಂದಿನ ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಸದ್ದಿನ ನಡುವೆ ಇದ್ದರೂ ಬಂದು ಆಫ್ ಮಾಡುತ್ತಾಳೆ. ಅಮ್ಮನ ಲೆಕ್ಕವನ್ನು ಈ ಮನೆಯಲ್ಲಿ ಯಾರೂ ಮರುಪರಿಶೀಲನೆ ಮಾಡಿದ್ದಿಲ್ಲ.

ನಮ್ಮ ರಸ್ತೆಯಲ್ಲಿ ಮನೆಗಳು ಎಷ್ಟು ಒತ್ತೊತ್ತಾಗಿವೆ ಎಂದರೆ, ಪಕ್ಕದವರು ಮಿಕ್ಸಿ ಹಾಕಿದರೆ ನಮಗೆ ಟಿವಿ ಕೇಳುವುದಿಲ್ಲ. ಬೆಳಗಿನ ಹೊತ್ತು ಸುತ್ತಲಿನ ಕುಕ್ಕರುಗಳೆಲ್ಲ ಸ್ಪರ್ಧೆಗೆ ಬಿದ್ದಂತೆ ಕೂಗುತ್ತವೆ. ಅಮ್ಮನಿಗೆ ಮಾತ್ರ ಗೊಂದಲವಿಲ್ಲ. "ನಮ್ಮ ಕುಕ್ಕರ್ ದನಿ ನಂಗೊತ್ತಿಲ್ವೇನೋ? ಕೊನೇಲಿ ಸ್ವಲ್ಪ ಮೂಗಲ್ಲಿ ಎಳೆಯುತ್ತೆ" ಎನ್ನುತ್ತಾಳೆ.

ಇನ್ನು ನನ್ನ ಖಾತೆ. ಈ ಅಂಕಣದ ಓದುಗರಿಗೆ ನನ್ನ ಹುಚ್ಚುಗಳ ಪರಿಚಯವಿದೆ. (ಸೈಕಲ್ ಕೊಂಡದ್ದು ನೆನಪಿದೆಯಲ್ಲ? ಈಗ ಅದರ ಮೇಲೆ ಟವೆಲ್ ಒಣಗುತ್ತಿದೆ.) ಈ ಸಲದ್ದು ಸಂಗೀತ. ಮಗಳು ಹಾಸ್ಟೆಲ್ ಸೇರಿದ ಮೇಲೆ ಖಾಲಿಯಾದ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್, ಬೆರಳಿನಿಂದ ಬಡಿಯಲು ಚೌಕಚೌಕ ಪ್ಯಾಡುಗಳಿರುವ ಒಂದು ಸಣ್ಣ ಡಬ್ಬಿ, ಎರಡು ಸ್ಪೀಕರ್. ವಾರದ ದಿನಗಳಲ್ಲಿ ಆಫೀಸು. ಶನಿವಾರ, ಭಾನುವಾರ ಬೆಳಗ್ಗೆ ನಾನು ಎಲೆಕ್ಟ್ರಾನಿಕ್ ಸಂಗೀತಗಾರ.

ಅದರಲ್ಲೂ ಮಿನಿಮಲಿಸ್ಟ್. ಎಂದರೆ ಏನು? ಆದಷ್ಟು ಕಡಿಮೆ ಸದ್ದು, ಅದೇ ಮತ್ತೆ ಮತ್ತೆ. ಡ್ರಮ್ಮಿನ ಒಂದು 'ಧಮ್', ಆಮೇಲೊಂದು 'ಚಿಕ್', ನಡುವೆ ಬೇಕಾದಷ್ಟು ಮೌನ. ಇದನ್ನೆಲ್ಲ ಪರದೆಯ ಮೇಲೆ ಚೌಕಗಳಲ್ಲಿ ಜೋಡಿಸಿದರೆ ಒಂದು ಲೂಪ್. ಅದು ಸುತ್ತುತ್ತಲೇ ಇರುತ್ತದೆ. ಒಂದೊಂದೇ ಸದ್ದನ್ನು ತೆಗೆಯುತ್ತಾ ಹೋಗುವುದರಲ್ಲಿದೆ ಮಜಾ. "ಕಾರು ರಿವರ್ಸ್ ತಗೊಳ್ತಿರೋ ಹಾಗಿದೆ. ಆದ್ರೆ ಕಾರೇ ಇಲ್ಲ" ಎಂದು ಸುಧಾ ವಿಮರ್ಶೆ ಬರೆದಾಗಿದೆ.

ರೆಡಿಮೇಡ್ ಡ್ರಮ್ಮಿನ ಸದ್ದು ಬೇಜಾರಾಗಿ ಮನೆಯ ಸದ್ದುಗಳನ್ನೇ ರೆಕಾರ್ಡ್ ಮಾಡತೊಡಗಿದೆ. ಇಡ್ಲಿ ತಟ್ಟೆಯ 'ಟಣ್', ಗೇಟಿನ ಚಿಲಕ, ಕಡೆಗೆ ನಮ್ಮ ಕುಕ್ಕರ್. ಅದರ ವಿಷಲ್ ಲೂಪಿಗೆ ಬಿದ್ದದ್ದೇ ತಡ, ಇಡೀ ಟ್ರ್ಯಾಕಿಗೆ ಜೀವ ಬಂತು. ಜೆ.ಪಿ. ನಗರದ ಗೆಳೆಯ ಪ್ರಕಾಶ ತನ್ನ ತಾರಸಿಯಲ್ಲಿ ಆಗಾಗ ಮನೆಯಲ್ಲೇ ಸಂಗೀತ ಮಾಡುವ ನಮ್ಮಂಥವರನ್ನೆಲ್ಲ ಕೂರಿಸಿ ಟ್ರ್ಯಾಕ್ ಕೇಳಿಸುತ್ತಾನೆ. "ಮಗಾ, ಈ ಸಲ ಒಂದಾದ್ರೂ ಮುಗ್ಸಿ ಕೊಡು" ಎಂದು ಅವನ ವರಾತ. ಕಷ್ಟ ಅಲ್ಲೇ ಇರುವುದು. ಶುರು ಮಾಡಲು ನನಗೆ ಬರುತ್ತದೆ. ಸುತ್ತುತ್ತಲೇ ಇರುವುದನ್ನು ಎಲ್ಲಿ ನಿಲ್ಲಿಸುವುದು?

ಹೆಡ್‌ಫೋನಿನಲ್ಲಿ ಕೇಳಿದ್ದನ್ನು ನಂಬಬಾರದು, ಕೊನೆಯ ಕೆಲಸ ಸ್ಪೀಕರಿನಲ್ಲೇ ಆಗಬೇಕು. ಹಾಗಾಗಿ ನುಗ್ಗೇಕಾಯಿ ಹುಳಿಯ ಆ ಭಾನುವಾರ ಬೆಳಗ್ಗೆಯಿಂದ ಬಾಗಿಲು ಹಾಕಿಕೊಂಡು ಸ್ಪೀಕರ್ ಹಚ್ಚಿದೆ. ಉಳಿದದ್ದನ್ನೆಲ್ಲ ಮ್ಯೂಟ್ ಮಾಡಿ ಬರೀ ವಿಷಲ್ ಒಂದನ್ನೇ ಹಾಕಿ ಹಾಕಿ ಕೇಳುತ್ತಾ, ತಿದ್ದುತ್ತಾ ಕೂತೆ.

ಜಾಣ ಓದುಗರು ಈಗಾಗಲೇ ನಗುತ್ತಿರಬಹುದು. ನಾನು ಅಷ್ಟು ಜಾಣನಲ್ಲ.

ಮೊದಲು ಬೇಳೆಯ ಮೇಲೆ ಅನುಮಾನ ಬಂತು. ಅಂಗಡಿ ಬದಲಾಯಿಸಿದೆವು. ಆಮೇಲೆ ನೀರಿನ ಮೇಲೆ. "ಕಾವೇರಿ ನೀರು ಬಂದಿಲ್ಲ, ಬೋರ್‌ವೆಲ್ ನೀರಿಗೆ ಬೇಳೆ ಬೇಯಲ್ಲ" ಎಂದಳು ಸುಧಾ. ನಾನು ಬನಶಂಕರಿಗೆ ಹೋಗಿ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ತಂದೆ. ವಾರವೆಲ್ಲ ಬೇಳೆ ಬೆಣ್ಣೆಯ ಹಾಗೆ ಬೆಂದಿತು. ಶನಿವಾರ ಮತ್ತೆ ಕಟಕ್.

ಇನ್ನು ಅನುಮಾನ ಪಡಲು ಉಳಿದದ್ದು ಯಾರು?

ಸುಧಾ ಜೋರು ಮಾಡುವವಳಲ್ಲ. ಮೆತ್ತಗೇ ಹೇಳಿದಳು. "ಅತ್ತೆ, ನೀವು ಆರಾಮಾಗಿ ಪೇಪರ್ ಓದ್ಕೊಳ್ಳಿ. ನಾನು ಫೋನಲ್ಲಿ ಟೈಮರ್ ಇಟ್ಕೋತೀನಿ." ಅಮ್ಮ "ಹೂಂ" ಎಂದಳು. ಅಷ್ಟೇ. ಭಾನುವಾರ ಬೆಳಗ್ಗೆ ಕುಕ್ಕರ್ ಕೂಗಿದಾಗ ಅವಳ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಪೇಪರಿನ ಹಾಳೆಯನ್ನೂ ಮಗುಚಲಿಲ್ಲ. ನಾನು ಕೋಣೆಗೆ ಹೋಗದೆ ಅವಳ ಪಕ್ಕದಲ್ಲೇ ಕೂತೆ.

ಪೇಪರ್ ಮಡಿಸಿಟ್ಟು ಕೇಳಿದಳು. "ಮೊನ್ನೆ ಕನ್ನಡಕ ಎಲ್ಲಿಟ್ಟೆ ಅಂತಾನೂ ಮರ್ತುಹೋಗಿತ್ತು ಕಣೋ. ಅಕ್ಕಂಗೂ ಹಿಂಗೇ ಅಲ್ವಾ ಶುರುವಾಗಿದ್ದು?"

ಅಕ್ಕ ಎಂದರೆ ನಮ್ಮ ದೊಡ್ಡಮ್ಮ. ಕೊನೆಕೊನೆಗೆ ಹೆತ್ತ ಮಕ್ಕಳ ಗುರುತೂ ಹತ್ತದೆ, ಬಂದವರಿಗೆಲ್ಲ ಕೈಮುಗಿಯುತ್ತಿದ್ದರು. "ಏನಿಲ್ಲಮ್ಮ, ವಯಸ್ಸಾದ್ಮೇಲೆ ಎಲ್ರಿಗೂ ಆಗತ್ತೆ" ಎಂದೆ. ಆ ಮಾತನ್ನು ಅವಳೂ ನಂಬಲಿಲ್ಲ, ನಾನೂ ನಂಬಲಿಲ್ಲ. ಸೋಮವಾರ ಡಾಕ್ಟರಿಗೆ ಫೋನ್ ಮಾಡುವುದು ಎಂದು ಅಡುಗೆಮನೆಯಲ್ಲಿ ನಾವಿಬ್ಬರೂ ಪಿಸುಮಾತಿನಲ್ಲಿ ತೀರ್ಮಾನಿಸಿದೆವು.

ಅವತ್ತೇ ಸಂಜೆ, ಕಾಫಿಗೆ ಮುಂಚೆ. ಮನಸ್ಸು ಭಾರವಾದರೆ ನಾನು ಮಾಡುವುದು ಒಂದೇ. ಬಾಗಿಲು ಹಾಕಿಕೊಂಡೆ, ಲೂಪ್ ತೆರೆದೆ, ವಿಷಲ್ ಹಾಕಿದೆ. ಸುಧಾ ತಾರಸಿಯಿಂದ ಒಣಗಿದ ಬಟ್ಟೆಯ ರಾಶಿ ಹೊತ್ತು ಇಳಿದು ಬರುತ್ತಿದ್ದಳು. ಹಾಲಿನಿಂದ ಅಮ್ಮನ ದನಿ.

"ಒಂದು."

ಆಮೇಲೆ, "ಎರಡು."

ಇದನ್ನು ನಾನು ಆಮೇಲೆ ಕೇಳಿ ತಿಳಿದದ್ದು. ಸುಧಾ ಹೊಸ್ತಿಲಲ್ಲೇ ನಿಂತುಬಿಟ್ಟಳಂತೆ. "ಅತ್ತೆ, ಒಲೆ ಮೇಲೆ ಏನೂ ಇಟ್ಟಿಲ್ವಲ್ಲ."

"ಕೂಗ್ತಲ್ಲೇ ಈಗ."

"ಕುಕ್ಕರ್ ಸಿಂಕಲ್ಲಿದೆ ಅತ್ತೆ."

ಬಟ್ಟೆಯ ರಾಶಿಯನ್ನು ಸೋಫಾ ಮೇಲೆ ಬಿಸಾಕಿ ಸುಧಾ ನನ್ನ ಕೋಣೆಗೆ ಓಡಿ ಬಂದಳು. ಕಣ್ಣು ತುಂಬಿತ್ತು. "ರೀ, ಅತ್ತೆ ಇಲ್ದೇ ಇರೋ ವಿಷಲ್ ಎಣಿಸ್ತಿದಾ..." ಮಾತು ಮುಗಿಯುವ ಮೊದಲೇ, ಸರಿಯಾಗಿ ಅವಳ ಮುಖಕ್ಕೆ, ಕೊನೆಯಲ್ಲಿ ಸ್ವಲ್ಪ ಮೂಗಿನಲ್ಲಿ ಎಳೆದು, ನಮ್ಮ ಕುಕ್ಕರ್ ಸ್ಪೀಕರಿನಿಂದ ಕೂಗಿತು.

ನಾನು ಅವಳನ್ನು ನೋಡಿದೆ. ಅವಳು ಸ್ಪೀಕರನ್ನು ನೋಡಿದಳು. ಹಾಲಿನಿಂದ ಅಮ್ಮ, "ಮೂರಾಯ್ತು ನೋಡು!" ಎಂದಳು.

ಆಮೇಲೆ ನನಗೆ ಬಿದ್ದ ಬೈಗುಳವನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ಬೈದು ಬೈದು ಸುಸ್ತಾಗಿ ಸುಧಾ ನಗಲು ಶುರು ಮಾಡಿದಳು, ನಗುತ್ತಲೇ ಹಾಲಿಗೆ ಹೋಗಿ ಅಮ್ಮನ ಕೈ ಹಿಡಿದುಕೊಂಡು ಅತ್ತಳು. ಒಲೆಯ ವಿಷಲ್ ಜೊತೆ ನನ್ನ ಸ್ಪೀಕರಿನದೂ ಲೆಕ್ಕಕ್ಕೆ ಸೇರಿಹೋಗಿದ್ದನ್ನು ಅಮ್ಮನಿಗೆ ವಿವರಿಸಿ ಹೇಳುವಷ್ಟರಲ್ಲಿ ನನ್ನ ಕಾಫಿಯ ಆಸೆ ಹೋಗಿತ್ತು. ಅವಳಿಗೆ ಕೋಪ ಬರುತ್ತದೆ ಎಂದುಕೊಂಡಿದ್ದೆ. ಅಮ್ಮ ಕೇಳಿದ್ದು ಒಂದೇ. "ಅದನ್ನ ಇನ್ನೊಂದ್ಸಲ ಹಾಕು."

ಹಾಕಿದೆ.

"ನಮ್ಮದೇ! ನಾನು ಹೇಳ್ಲಿಲ್ವಾ? ನನ್ನ ಲೆಕ್ಕ ಸರೀಗೇ ಇತ್ತು ಕಣೇ ಸುಧಾ." ಆ ಮುಖ ನೀವು ನೋಡಬೇಕಿತ್ತು. ಪರೀಕ್ಷೆಯಲ್ಲಿ ಫೇಲೆನಿಸಿಕೊಂಡು ಆಮೇಲೆ ಮರುಎಣಿಕೆಯಲ್ಲಿ ರ‍್ಯಾಂಕ್ ಬಂದ ಹುಡುಗಿಯ ಮುಖ. ಡಾಕ್ಟರಿಗೆ ಮಾಡಬೇಕಿದ್ದ ಫೋನ್ ರದ್ದಾಯಿತು. ಟೈಮರನ್ನು ಸುಧಾ ತಾನಾಗಿಯೇ ಫೋನಿನಿಂದ ಅಳಿಸಿ, ಅಳಿಸಿದ್ದನ್ನು ಅಮ್ಮನಿಗೆ ತೋರಿಸಿದಳು. ನನಗೆ ಮಾತ್ರ ಹೊಸ ಕಾನೂನು: ಒಲೆಯ ಮೇಲೆ ಕುಕ್ಕರ್ ಇದ್ದಷ್ಟು ಹೊತ್ತು ಸ್ಪೀಕರ್ ಬಂದ್.

ಅಷ್ಟಕ್ಕೇ ಅಮ್ಮ ಬಿಡಲಿಲ್ಲ. ತನ್ನ ಕುಕ್ಕರ್ ಅಲ್ಲಿ ಏನು ಮಾಡುತ್ತಿದೆ ಎಂದು ನೋಡಲೇಬೇಕಂತೆ. ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಪೂರ್ತಿ ಟ್ರ್ಯಾಕ್ ಹಾಕಿದೆ. ಧಮ್, ಚಿಕ್, ಇಡ್ಲಿ ತಟ್ಟೆಯ ಟಣ್, ಎಲ್ಲ ಒಂದು ಸುತ್ತು ಬಂದ ಮೇಲೆ ವಿಷಲ್. ಅಮ್ಮನ ಬೆರಳು ಮಂಡಿಯ ಮೇಲೆ ಆಡುತ್ತಿತ್ತು. ಲೂಪ್ ಸುತ್ತಿತು, ಮತ್ತೆ ಸುತ್ತಿತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಇನ್ನೊಂದು ವಿಷಲ್ ಬಂತು. ಅಮ್ಮ ಕೈ ಎತ್ತಿದಳು.

"ಸಾಕು. ಬೆಂದಿದೆ. ಆಫ್ ಮಾಡು."

ಅಲ್ಲೇ ನಿಲ್ಲಿಸಿದೆ. ಅಲ್ಲೇ ಮುಗಿಸಿದೆ. ಒಂದು ಚೌಕವನ್ನೂ ಅಲ್ಲಾಡಿಸದೆ ಪ್ರಕಾಶನಿಗೆ ಕಳಿಸಿದೆ. "ಎಂಡಿಂಗ್ ಸಖತ್ ಗುರು, ಅಷ್ಟು ಕರೆಕ್ಟಾಗಿ ಹೆಂಗ್ ಡಿಸೈಡ್ ಮಾಡ್ದೆ?" ಎಂದು ಮೆಸೇಜ್ ಬಂತು. ನಮ್ಮ ಮನೆಯಲ್ಲಿ ಅದಕ್ಕೊಬ್ಬರು ಇದ್ದಾರೆ ಎಂದು ಉತ್ತರಿಸಿದೆ.

ಇದನ್ನು ಬರೆಯುವಾಗಲೂ ಅಡುಗೆಮನೆಯಲ್ಲಿ ಬೇಳೆ ಇಟ್ಟಿದೆ, ನನ್ನ ಸ್ಪೀಕರ್ ಬಂದ್ ಆಗಿದೆ, ಹಾಲಿನಿಂದ "ಎರಡು" ಎಂದು ಕೇಳಿಸಿತು. ಮೊದಲಿಗಿಂತ ಸ್ವಲ್ಪ ಜೋರಾಗಿಯೇ.

ನಿಮ್ಮ ಮನೆಯ ಹಿರಿಯರ ಲೆಕ್ಕ ತಪ್ಪುತ್ತಿದೆ ಎನ್ನುವ ಮೊದಲು ಒಮ್ಮೆ ಕಿವಿಗೊಟ್ಟು ಕೇಳಿ, ಇನ್ನೊಂದು ಕುಕ್ಕರ್ ಎಲ್ಲೋ ಕೂಗುತ್ತಿಲ್ಲ ತಾನೇ?