ಗೋದಜ್ಜಿಯ ಹನ್ನೊಂದು ಶನಿವಾರ

ಹಾಸ್ಟೆಲಿನಲ್ಲಿದ್ದು ಓದುವುದರ ಲಾಭಗಳೇನು ಎಂದು ಯಾರಾದರೂ ಕೇಳಿದರೆ ನಾನು ಗಂಟೆಗಟ್ಟಲೆ ಹೇಳಬಲ್ಲೆ. ಒಮ್ಮೆ ಒಬ್ಬ ಮುದುಕಿಯ ಎದುರು ಕೂತು ಹೇಳಿಯೂ ಇದ್ದೇನೆ. ಅವತ್ತು ಆಡಿದ ಒಂದೊಂದು ಮಾತಿಗೂ ನನಗೆ ಇವತ್ತಿನವರೆಗೆ ನಾಚಿಕೆಯಾಗುತ್ತದೆ.

ಆಕೆ ಗೋದಾಬಾಯಿ. ನನಗೆ ಗೋದಜ್ಜಿ. ಹೊಸಪೇಟೆಯ ಕಾಲುವೆ ದಂಡೆಯಲ್ಲಿ, ಅಕ್ಕಿ ಗಿರಣಿಯ ಹಿಂದೆ ಅವಳದು ಒಂದೇ ಖೋಲಿಯ ಮನೆ. ಹದಿನಾರು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವಳು. ಅವರಿವರ ಮನೆಗೆ ಹಪ್ಪಳ ಒತ್ತಿಕೊಟ್ಟು, ಗುಡಿಗೆ ಹೂಬತ್ತಿ ಹೊಸೆದು ಹೊಟ್ಟೆ ಹೊರೆಯುತ್ತಿದ್ದಳು. ಮಡಿ ಹೆಂಗಸು, ದಿನಕ್ಕೊಂದೇ ಊಟ. ಹೊತ್ತು ಮುಳುಗಿತೆಂದರೆ ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಅವಳ ಸಾರು ಸಪ್ಪೆ, ನಾಲಿಗೆ ಮಾತ್ರ ಬಲು ಖಾರ.

ನಾನು ಕಂಪ್ಲಿಯವನು. ಅಪ್ಪ ಗುಡಿಯ ಪೂಜಾರಿ, ಮನೆಯಲ್ಲಿ ಏಳು ಮಕ್ಕಳು. ಹೈಸ್ಕೂಲು ಓದಲು ಹೊಸಪೇಟೆಗೆ ಬಂದಾಗ ಎಲ್ಲ ಬಡ ಹುಡುಗರಂತೆ ನಾನೂ ವಾರಾನ್ನ ಹಚ್ಚಿಕೊಂಡೆ. ದಿನಕ್ಕೊಂದು ಮನೆಯಂತೆ ವಾರಕ್ಕೆ ಏಳು ಮನೆಯ ಊಟ. ಆರು ಮನೆಗಳನ್ನು ಅಪ್ಪ ಕೈಮುಗಿದು ಕೇಳಿ ಗೊತ್ತುಮಾಡಿದ್ದ. ಏಳನೆಯದು ಸಿಗದೆ ಒದ್ದಾಡುತ್ತಿದ್ದಾಗ ಗೋದಜ್ಜಿ ತಾನೇ ಕರೆದಳು.

"ಶನಿವಾರ ವೆಂಕಪ್ಪನ ವಾರ. ನಿನ್ನ ಹೆಸರೂ ವೆಂಕೋಬ. ಇನ್ನೇನು ಬೇಕೋ? ಬಾ," ಎಂದಳು. ವಾರದ ಹುಡುಗನ ಊಟ ಆಗುವವರೆಗೆ ತಾನು ತುತ್ತು ಮುಟ್ಟುವುದಿಲ್ಲವೆಂದು ದೇವರ ಮುಂದೆ ನೇಮ ಹಿಡಿದಳು. ಐದು ವರ್ಷ ಆ ನೇಮ ನಡೆಯಿತು.

ಮೆಟ್ರಿಕ್ ಮುಗಿಸಿ ಬಳ್ಳಾರಿಯಲ್ಲಿ ಕಾಲೇಜು ಸೇರಿದೆ. ಹಾಸ್ಟೆಲಿನಲ್ಲಿ ಬಡ ಹುಡುಗರಿಗೆಂದು ಇಟ್ಟಿದ್ದ ಜಾಗಗಳೆಲ್ಲ ಭರ್ತಿಯಾಗಿದ್ದವು. ಸೋಮವಾರದ ಮನೆಯ ವಕೀಲರು ರೈಲಿನ ಪಾಸು ತೆಗೆಸಿಕೊಟ್ಟರು. ಬೆಳಿಗ್ಗೆ ಹೋಗುವುದು, ಸಂಜೆ ಬಂದು ವಾರದ ಮನೆಯಲ್ಲಿ ಉಣ್ಣುವುದು. ದಾರಿಯಲ್ಲಿ ಗಾದಿಗನೂರು ಸ್ಟೇಷನ್ನಿನಲ್ಲಿ ಪುಸ್ತಕ ತೆರೆದರೆ ದರೋಜಿ ಬರುವಷ್ಟರಲ್ಲಿ ನಿದ್ದೆ. ಶನಿವಾರ ಅರ್ಧ ದಿನದ ಕಾಲೇಜು. ನಾಲ್ಕು ಗಂಟೆಗೆ ಊರಿಗೆ ಬಂದು ಅಜ್ಜಿಯ ಮನೆಗೆ ಓಡುತ್ತಿದ್ದೆ. ನನ್ನ ಊಟವಾದ ಮೇಲೆ ಅವಳ ಊಟ.

ದಸರೆ ರಜೆ ಮುಗಿದ ಮೇಲೆ ಒಂದು ಜಾಗ ಖಾಲಿಯಾಯಿತು. "ನಾಳೆಯೇ ಟ್ರಂಕು ತಂದರೆ ನಿನಗೆ, ಇಲ್ಲವಾದರೆ ಬೇರೆಯವರಿಗೆ," ಎಂದರು ಹಾಸ್ಟೆಲಿನ ಗುಮಾಸ್ತರು. ಅವತ್ತೇ ಸಂಜೆ ಆರು ಮನೆಗಳಿಗೂ ಹೋಗಿ, ಹಿರಿಯರ ಕಾಲಿಗೆ ಬಿದ್ದು ಹೇಳಿ ಬಂದೆ. ಗೋದಜ್ಜಿಯ ಮನೆಗೆ ಹೋಗಲಿಲ್ಲ. ಕಾಲುವೆ ದಾಟಬೇಕು, ಹೊತ್ತಾಗಿದೆ, ಹೇಗೂ ಶನಿವಾರ ಬರುತ್ತೇನಲ್ಲ ಎಂದುಕೊಂಡೆ. ಅದೆಲ್ಲ ಸುಳ್ಳು. ಆ ಮನೆಗಳ ವಕೀಲರಿಂದ, ಮಾಸ್ತರರಿಂದ ಮುಂದೆ ನನಗೆ ಕೆಲಸವಿತ್ತು. ಹಪ್ಪಳದ ಮುದುಕಿಯಿಂದ ಏನಾಗಬೇಕಿತ್ತು? ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ನಾನು ಬಗೆದೆ.

ಹಾಸ್ಟೆಲು ನನಗೆ ಸ್ವರ್ಗವಾಯಿತು. ಬೆಳಿಗ್ಗೆ ಹತ್ತಕ್ಕೊಂದು ಊಟದ ಗಂಟೆ, ರಾತ್ರಿ ಏಳಕ್ಕೊಂದು ಗಂಟೆ. ಹೋಗಿ ಕೂತರೆ ಎಲೆ ತುಂಬ ಅನ್ನ, ಎರಡೂ ಹೊತ್ತು ಮಜ್ಜಿಗೆ. ಇವತ್ತು ಯಾರ ಮನೆ, ಅವರಿಗೆ ಸೂತಕವೋ, ಜ್ವರವೋ ಎಂಬ ಚಿಂತೆಯಿಲ್ಲ. ನನ್ನ ಹೊಟ್ಟೆಗೆ ವಾರಗಳ ಹೆಸರೇ ಮರೆತುಹೋಯಿತು. ಶನಿವಾರವೂ ಮರೆಯಿತು.

ಕ್ರಿಸ್‌ಮಸ್ ರಜೆ ಬಂತು. ಶನಿವಾರ ಹತ್ತರ ಊಟ ಮುಗಿಸಿ ಮಧ್ಯಾಹ್ನದ ಗಾಡಿ ಹತ್ತಿದೆ; ಹೊಸಪೇಟೆಯಲ್ಲಿ ಇಳಿದು ಸೀದಾ ಕಂಪ್ಲಿಗೆ ಹೋಗುವ ಲೆಕ್ಕ. ದರೋಜಿಯಲ್ಲಿ ಅಜ್ಜಿಯ ಪಕ್ಕದ ಮನೆಯ ಶಾಂತಕ್ಕ ನಮ್ಮ ಡಬ್ಬಿಗೇ ಹತ್ತಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಭಾಳ ಚಲೋ ಆಗಿ ಬಿಡಪ್ಪ, ಗಲ್ಲ ತುಂಬ್ಯಾವ. ಆ ಮುದುಕಿ ಮಾತ್ರ ಶನಿವಾರ ಬಂತಂದ್ರ ಅಡಿಗಿ ಮುಚ್ಚಿಟ್ಟು ಬಾಗಲದಾಗ ಕುಂದ್ರತಾಳ. ಹೊತ್ತು ಮುಣುಗಿದ ಮ್ಯಾಲ ಎಲ್ಲಾ ಆಕಳಿಗೆ ಹಾಕತಾಳ. ಅವ ಹಾಸ್ಟೆಲಿಗೆ ಹೋದ ಅಂತ ನಾನ ಹೇಳೀನಿ. ಕೇಳಾಂಗಿಲ್ಲ."

ನಾನು ಬೆರಳು ಮಡಿಸಿ ಎಣಿಸಿದೆ. ಹನ್ನೊಂದು ಶನಿವಾರ. ಅವತ್ತಿನದು ಹನ್ನೆರಡನೆಯದು.

ಗಾಡಿ ನಿಂತದ್ದೇ ಟ್ರಂಕನ್ನು ಶಾಂತಕ್ಕನ ಹತ್ತಿರ ಬಿಟ್ಟು ಓಡಿದೆ. ಬಿಸಿಲು ಇನ್ನೂ ಗಿರಣಿಯ ಗೋಡೆಯ ಮೇಲಿತ್ತು. ಅಜ್ಜಿ ಹೊಸ್ತಿಲ ಒಳಗೆ ಬತ್ತಿ ಹೊಸೆಯುತ್ತ ಕೂತಿದ್ದಳು, ಕೆನ್ನೆ ಇಳಿದಿತ್ತು.

"ಬಂದೇನೋ? ಗಾಡಿ ತಡ ಆತೇನು?" ಎಂದಳು, ಹಿಂದಿನ ವಾರವಷ್ಟೇ ಬಂದು ಹೋದವನನ್ನು ಕೇಳಿದಂತೆ.

ತಪ್ಪಾಯಿತು ಎನ್ನಬೇಕಿತ್ತು. ಅಷ್ಟರಲ್ಲಿ, "ಹಾಸ್ಟೆಲ್ ಹ್ಯಾಂಗದನೋ?" ಎಂದು ಅವಳೇ ಕೇಳಿದಳು. ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಅದಕ್ಕೆ ಉತ್ತರ ಹೇಳುವುದು ಸುಲಭವಾಗಿತ್ತು. ಹೇಳತೊಡಗಿದೆ. ಎಂಥ ದೀಪ, ಎಂಥ ಓದುವ ಕೋಣೆ, ಪೇಪರು ಬರುತ್ತದೆ, ಖೋಲಿಯ ಜೊತೆಗಾರ ಉಜ್ಜಿನಪ್ಪ ಲೆಕ್ಕ ಹೇಳಿಕೊಡುತ್ತಾನೆ, ಕ್ಲಾಸಿಗೆ ನಾನೇ ಎರಡನೆಯವನು. ಹಬ್ಬಕ್ಕೆ ಹೋಳಿಗೆ ಹಾಕಿದ್ದರು, ನಾನು ಆರು ತಿಂದೆ. ಆಕೆ ನಿನ್ನೆ ಮಧ್ಯಾಹ್ನದಿಂದ ಉಂಡಿಲ್ಲವೆಂದು ಗೊತ್ತಿದ್ದೂ ಹೋಳಿಗೆಯ ಲೆಕ್ಕ ಹೇಳಿದೆ. ಆಕೆಯ ಮುಖ ಅರಳುತ್ತಿತ್ತು. ಅದನ್ನು ನೋಡಿ ನಾನು ಇನ್ನಷ್ಟು ಹೇಳಿದೆ.

"ಶನಿವಾರ ಊಟ ಎಷ್ಟೊತ್ತಿಗೆ?"

"ದಿನಾ ಹತ್ತಕ್ಕ ಅಜ್ಜಿ. ಗಂಟಿ ಹೊಡೀತಾರ."

"ಎಲ್ಲಾ ಶನಿವಾರಾನೂ ಹತ್ತಕ್ಕ ಉಂಡೀಯೇನು?"

"ಹೂಂ."

"ಇವತ್ತೂ?"

"ಇವತ್ತೂ."

ಅವಳ ಕೈಯಲ್ಲಿದ್ದ ಬತ್ತಿ ಅಲ್ಲೇ ನಿಂತಿತು.

"ಹಂಗಾದ್ರ ನಾ ಉಣಬಹುದಿತ್ತು," ಎಂದಳು.

ಸಿಟ್ಟಿನಿಂದಲ್ಲ, ಒಲೆಯ ಮೇಲೆ ಹಾಲಿಟ್ಟು ಮರೆತವರು ತಮ್ಮಷ್ಟಕ್ಕೆ ಹೇಳಿಕೊಳ್ಳುವ ಹಾಗೆ. ನೇಮ ಮುರಿಯುತ್ತದೆಂದಲ್ಲವೇ ನೀನು ಕಾದದ್ದು, ನಾನು ಇಲ್ಲಿಗೆ ಬರಬೇಕಿತ್ತಲ್ಲವೇ ಎಂದು ತೊದಲಿದೆ.

"ನೀ ಉಣಬೇಕು ಅನ್ನೋದು ನನ್ನ ನೇಮ. ನನ್ನ ಮನ್ಯಾಗ ಉಣಬೇಕಂತ ಯಾವಾಗ ಅಂದೆ? ಹಾಸ್ಟೆಲಿನಾಗ ಹೊತ್ತಿಗೆ ಹಾಕ್ತಾರೋ ಇಲ್ಲೋ, ನೀ ಉಪವಾಸ ಇದ್ದೀಯೋ ಏನೋ, ನನಗ ಹ್ಯಾಂಗ ತಿಳೀಬೇಕು? ಒಂದು ಕಾರ್ಡು ಹಾಕಿದ್ದರ ಟಪಾಲಿನವ ಓದಿ ಹೇಳತಿದ್ದ."

ನಾನು ಅವಳ ಕಾಲ ಬಳಿ ಬಿದ್ದೆ. ನನ್ನ ಈ ವಾರವನ್ನು ಬಿಟ್ಟುಬಿಡು, ನನ್ನಂಥವನಿಗಾಗಿ ಇನ್ನು ಕಾಯಬೇಡ ಎಂದೆ. ಮಡಿ ಎಂದು ಆಕೆ ನನ್ನನ್ನು ಮುಟ್ಟಲಿಲ್ಲ.

"ಏಳು, ಅಳಬ್ಯಾಡ. ವಾರ ಯಾಕ ಬಿಡಲಿ? ಹತ್ತಕ್ಕ ಇಲ್ಲೂ ಗಿರಣಿ ಕೂಗತದ. ಅದು ಕೂಗಿತಂದ್ರ ಅಲ್ಲಿ ನೀ ಕೂತಿ ಅಂತ ತಿಳೀತೀನಿ, ಇಲ್ಲಿ ನಾ ಕೂಡತೀನಿ. ಈಗ ಹೊರಗ ನಡಿ, ಹೊತ್ತು ಮುಣುಗತದ."

ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಒಳಗೆ ಎಲೆ ಹಾಸಿದ ಸದ್ದು ಕೇಳಿತು.

ಅಜ್ಜಿ ಇನ್ನೂ ನಾಲ್ಕು ವರ್ಷ ಬದುಕಿದ್ದಳು. ನಾನು ಓದು ಮುಗಿಸಿದ್ದು, ಮಾಸ್ತರಿಕೆ ಹಿಡಿದದ್ದು ಎಲ್ಲ ನೋಡಿದಳು. ಆ ಹನ್ನೊಂದು ಶನಿವಾರಗಳ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹಾಸ್ಟೆಲಿನಲ್ಲಿ ಎರಡನೆಯ ವರ್ಷ ನನಗೆ ಮಲೇರಿಯಾ ಬಂತು. ಶನಿವಾರ ಹತ್ತರ ಗಂಟೆ ಹೊಡೆದಾಗ ಮೈ ಕೆಂಡವಾಗಿತ್ತು, ಅನ್ನದ ವಾಸನೆಗೇ ವಾಕರಿಕೆ. ಮಲಗಿಯೇ ಇರು, ಗಂಜಿ ತಂದುಕೊಡುತ್ತೇನೆ ಎಂದ ಉಜ್ಜಿನಪ್ಪ. ನಾನು ಗೋಡೆ ಹಿಡಿದು ಎದ್ದು ಹೋಗಿ ಪಂಕ್ತಿಯಲ್ಲಿ ಕೂತೆ. ಹೊಸಪೇಟೆಯಲ್ಲಿ ಗಿರಣಿ ಕೂಗಿರುತ್ತದೆ, ಅಜ್ಜಿ ಎಲೆಯ ಮುಂದೆ ಕೂತಿರುತ್ತಾಳೆ. ನಾಲ್ಕು ತುತ್ತು ನುಂಗಿಯೇ ಎದ್ದೆ.