ಮೂಲೆಯ ಚುಕ್ಕೆ

ನಮ್ಮ ಚಿಕ್ಕಪ್ಪನಿಗೆ ದೇಶಗಳೆಂದರೆ ಚುಕ್ಕೆಗಳು. ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿ ಕೂತು, ಕೋಟ್ಯಂತರ ಜನ ಉಂಡು, ಜಗಳವಾಡಿ, ಮಲಗುವ ಒಂದಿಡೀ ದೇಶವನ್ನು ಕಂಪ್ಯೂಟರಿನ ಪರದೆಯ ಮೇಲೆ ಒಂದು ಚುಕ್ಕೆ ಮಾಡಿ ಇಡುವುದು ಅವರ ಉದ್ಯೋಗ. ಅಡ್ಡಕ್ಕೆ ವಿದೇಶಿ ಬಂಡವಾಳ, ಉದ್ದಕ್ಕೆ ಬೆಳವಣಿಗೆ, ಚುಕ್ಕೆಗಳ ನಡುವೆ ಒಂದು ಗೆರೆ. ಗೆರೆ ಮೇಲಕ್ಕೆ ಹೋದರೆ ಲೇಖನ, ಮಲಗಿದರೆ ಕಸದ ಬುಟ್ಟಿ.

ಮನೆಯಲ್ಲೂ ಅದೇ ಚಾಳಿ. ಚಿಕ್ಕಮ್ಮ ಸಿಡುಕುವುದರಿಂದ ತಾವು ತಡವಾಗಿ ಬರುವುದೋ, ತಾವು ತಡವಾಗಿ ಬರುವುದರಿಂದ ಚಿಕ್ಕಮ್ಮ ಸಿಡುಕುವುದೋ ಎಂದು ಊಟದ ಮೇಜಿನ ಮುಂದೆ ಗಂಭೀರವಾಗಿ ವಿಚಾರ ಮಾಡುತ್ತಿದ್ದರು.

"ಯಾವುದು ಮೊದಲು ಶುರುವಾಯ್ತು ಅನ್ನೋದನ್ನ ನೋಡ್ಬೇಕು ಕಣೆ."

ಹಲ್ಲಿನ ಡಾಕ್ಟರಾದ ಚಿಕ್ಕಮ್ಮ, "ಮೊದಲು ಮದುವೆ ಶುರುವಾಯ್ತು. ಎದ್ದು ತಟ್ಟೆ ತೊಳೀರಿ" ಎನ್ನುತ್ತಿದ್ದರು. ಓದಲೆಂದು ಅವರ ಮನೆಯಲ್ಲಿದ್ದ ನನಗೆ ಇದು ಪುಕ್ಕಟೆ ನಾಟಕ.

ಚಿಕ್ಕಪ್ಪನ ಹೆಸರು ನಿಂತಿದ್ದು ಒಂದೇ ಒಂದು ಲೇಖನದ ಮೇಲೆ. ವಿದೇಶಿ ಬಂಡವಾಳ ಹರಿದು ಬಂದ ದೇಶ ಬೇಗ ಬೆಳೆಯುತ್ತದೆ ಎಂದು ಅದು ಸಾಧಿಸಿತ್ತು. ಮಂತ್ರಿಗಳು ಭಾಷಣದಲ್ಲಿ ಅದನ್ನು ಉದುರಿಸಿದರು, ಪಠ್ಯಪುಸ್ತಕದವರು ಚೌಕಟ್ಟು ಹಾಕಿ ಅಚ್ಚು ಮಾಡಿದರು, ಅದರ ಹೆಸರು ಹೇಳಿಕೊಂಡೇ ನಿರ್ದೇಶಕರು ಸಂಸ್ಥೆಗೆ ಹೊಸ ಕಟ್ಟಡ ಎಬ್ಬಿಸಿದರು. ಚಿಕ್ಕಪ್ಪನ ಕಾಲು ಕೆಲವು ವರ್ಷ ನೆಲದ ಮೇಲೆ ನಿಲ್ಲಲಿಲ್ಲ.

ನಿವೃತ್ತಿ ಹತ್ತಿರ ಬಂದಾಗ, ಹೊಸ ಅಂಕಿಅಂಶ ಸೇರಿಸಿ ಅದೇ ಲೆಕ್ಕವನ್ನು ಮತ್ತೆ ಮಾಡಲು ಕೂತರು. ಚಿತ್ರದ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ, ಉಳಿದವರ ಸಹವಾಸವೇ ಬೇಡವೆಂಬಂತೆ ಒಂಟಿಯಾಗಿ ಕೂತಿತ್ತು. ಅದೊಂದು ಪುಟ್ಟ ದ್ವೀಪ. ತೆರಿಗೆ ಇಲ್ಲವೆಂದು ಜಗತ್ತಿನ ಕಂಪನಿಗಳೆಲ್ಲ ಅಲ್ಲಿ ಒಂದೊಂದು ಬೋರ್ಡು ತೂಗುಹಾಕಿದ್ದವು. ಬಂಡವಾಳ ಮುಂಬಾಗಿಲಿಂದ ಬಂದು ಹಿಂಬಾಗಿಲಿಂದ ಹೋಗುತ್ತಿತ್ತು. ಕಾಗದದ ಮೇಲೆ ಮಾತ್ರ ದ್ವೀಪ ಉಬ್ಬುತ್ತಿತ್ತು. ಚಿಕ್ಕಪ್ಪ ಆ ಚುಕ್ಕೆ ತೆಗೆದು ನೋಡಿದರು. ಗೆರೆ ತೆಪ್ಪಗೆ ಮಲಗಿಬಿಟ್ಟಿತು.

ಇಂಥ ಒಂಟಿ ಚುಕ್ಕೆಗಳನ್ನು ಅಳಿಸುವುದು ಅವರ ಕಸುಬಿನಲ್ಲಿ ಮಾಮೂಲು. ಮೊದಲ ಸಲವೂ ನಾಲ್ಕಾರು ದೇಶಗಳನ್ನು 'ವಿಚಿತ್ರವಾಗಿವೆ' ಎಂದು ಅಳಿಸಿದ್ದರು. ಅವೆಲ್ಲ ಗೆರೆಯನ್ನು ಕೆಳಕ್ಕೆ ಜಗ್ಗುತ್ತಿದ್ದವು. ಆಗಲೂ ಚಿತ್ರದಲ್ಲಿದ್ದ ಈ ದ್ವೀಪ ಅದನ್ನು ಮೇಲಕ್ಕೆ ಎತ್ತುತ್ತಿತ್ತು, ಹಾಗಾಗಿ ಅದು ಅವರ ಕಣ್ಣಿಗೆ ವಿಚಿತ್ರವಾಗಿ ಕಾಣಲೇ ಇಲ್ಲ. ಮೋಸಗಾರರಲ್ಲ, ಪಾಪ. ಬೇಕಾದ್ದು ಸಿಕ್ಕಿದಾಗ ಯಾರು ತಿರುಗಿ ನೋಡುತ್ತಾರೆ?

"ನನ್ನ ಹೆಸರಲ್ಲಿ ಸುಳ್ಳು ಓಡಾಡ್ತಾ ಇದೆ. ರಿಟೈರ್ ಆಗೋದ್ರೊಳಗೆ ಅದನ್ನ ವಾಪಸ್ ತಗೋಬೇಕು" ಎಂದರು ಮನೆಗೆ ಬಂದು.

"ಹುಳುಕು ಅಂತ ಗೊತ್ತಾದ್ಮೇಲೆ ಕೀಳೋದು ತಾನೆ? ಅದಕ್ಯಾಕೆ ಮುಖ ಇಷ್ಟು ಸಣ್ಣ ಮಾಡ್ಕೊಂಡಿದ್ದೀರಿ?" ಎಂದರು ಚಿಕ್ಕಮ್ಮ.

ಕೀಳಲು ನಿರ್ದೇಶಕರು ಬಿಡಬೇಕಲ್ಲ! ಅವರು ಹೊಸ ಕಟ್ಟಡದ ಹೊಸ ಕುರ್ಚಿಗೆ ಒರಗಿ, "ಆ ದ್ವೀಪ ತೆಗೆದ್ರೆ ಏನೂ ಉಳಿಯೋಲ್ವಾ?" ಎಂದು ಕೇಳಿದರಂತೆ.

"ಇಲ್ಲ ಸಾರ್."

"ಮತ್ಯಾಕ್ರೀ ತೆಗೀತೀರಿ?"

ಚಿಕ್ಕಪ್ಪ ಪಟ್ಟು ಬಿಡಲಿಲ್ಲ. ತಿದ್ದುಪಡಿ ಬರೆದು ಲೇಖನ ಅಚ್ಚಾಗಿದ್ದ ಪತ್ರಿಕೆಗೇ ಕಳಿಸಿದರು. ಪತ್ರಿಕೆಯವರು ಅದನ್ನು ಕೊನೆಯ ಪುಟದಲ್ಲಿ, ಚಂದಾ ವಿವರದ ಕೆಳಗೆ ತುರುಕಿದರು. ಒಬ್ಬನೂ ಓದಲಿಲ್ಲ. ಹಳೆಯ ಲೇಖನ ಮಾತ್ರ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮಂತ್ರಿಗಳಿಗೆ ಪತ್ರ ಬರೆದರೆ, ತಮ್ಮ ಅಭಿನಂದನೆಗೆ ಧನ್ಯವಾದ ಎಂದು ಉತ್ತರ ಬಂತು. ನನಗಂತೂ ಮೈ ಉರಿದುಹೋಯಿತು.

ಉಳಿದದ್ದು ಬೀಳ್ಕೊಡುಗೆ ಸಮಾರಂಭ ಒಂದೇ. ವೇದಿಕೆಯ ಹಿಂದೆ ಗೋಡೆಯಷ್ಟಗಲ ಅದೇ ಚಿತ್ರ, ಅದೇ ಗೆರೆ. ನಿರ್ದೇಶಕರು ಹೊಗಳಿ ಅಟ್ಟಕ್ಕೇರಿಸಿ ಕೆಳಗಿಳಿದರು. ಚಿಕ್ಕಪ್ಪ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ಈ ಗೆರೆ ತಪ್ಪು. ತಪ್ಪು ಮಾಡಿದೋನು ನಾನೇ. ದಯವಿಟ್ಟು ಇದನ್ನ ಯಾರೂ ನಂಬಬೇಡಿ."

ಮುಂದಿನ ಸಾಲಿನಲ್ಲಿ ಯಾರೋ, "ಆಹಾ, ಎಂಥಾ ವಿನಯ!" ಎಂದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಿಕ್ಕಪ್ಪ "ಅಲ್ಲ, ಅಲ್ಲ" ಎಂದು ಕೈಯಾಡಿಸಿದಷ್ಟೂ ಚಪ್ಪಾಳೆ ಜೋರಾಯಿತು. ಅಷ್ಟು ದೊಡ್ಡ ಸಭೆಯಲ್ಲಿ ಅವರ ಮಾತು ನಂಬಿ ಕೂತೇ ಇದ್ದವರು ಚಿಕ್ಕಮ್ಮ, ನಾನು, ಇಬ್ಬರೇ.