ಮಂಚ ಓಡಿಸಿದ ಡ್ರೈವರ್

ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮ ಚಿಕ್ಕಪ್ಪ ಮಂಚದ ಮೇಲೆ ಕೂತು ಬಸ್ ಓಡಿಸುತ್ತಿದ್ದರು. ಎರಡೂ ಕೈ ಗಾಳಿಯಲ್ಲಿ ಸ್ಟೇರಿಂಗ್ ಹಿಡಿದಿದ್ದವು. ಎಡಗಾಲು ಕ್ಲಚ್ ಒತ್ತುತ್ತಿತ್ತು. ಬೆವರು ಇಳಿದು ಬನಿಯನ್ ಮೈಗೆ ಅಂಟಿಕೊಂಡಿತ್ತು.

"ಒಳಗೆ ನಡೀರಿ, ಒಳಗೆ ನಡೀರಿ. ಬಾಗಿಲಲ್ಲಿ ಜೋತಾಡ್ಬೇಡಿ," ಎಂದು ಬಟ್ಟೆ ಬೀರುವಿನ ಕಡೆ ತಿರುಗಿ ಗದರುತ್ತಿದ್ದರು.

ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ನಗು ಬಂತು. ಚಿಕ್ಕಮ್ಮನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ರೀ, ಸಾಕು ನಿಮ್ಮ ನಾಟಕ. ಟೀ ಆರಿ ಹೋಗ್ತಿದೆ," ಎಂದರು. ಚಿಕ್ಕಪ್ಪ ನಮ್ಮತ್ತ ನೋಡಿದರು. ಆ ಕಣ್ಣಿಗೆ ನಾವು ಕಾಣುತ್ತಿರಲಿಲ್ಲ. ಚಿಕ್ಕಮ್ಮನ ಕೈ ಬಾಯಿಂದ ಕೆಳಗಿಳಿಯಿತು.

ಇದೆಲ್ಲ ಶುರುವಾದದ್ದು ಎಲ್ಲಿಂದ ಎಂದು ಹೇಳದಿದ್ದರೆ ನಿಮಗೆ ತಲೆಬುಡ ಗೊತ್ತಾಗುವುದಿಲ್ಲ. ಚಿಕ್ಕಪ್ಪ ಇಪ್ಪತ್ತಮೂರು ವರ್ಷದಿಂದ ಸಿಟಿ ಬಸ್ ಡ್ರೈವರ್. ಕಾಲೇಜಿಗೆ ಹತ್ತಿರವೆಂದು ನಾನು ಎರಡು ವರ್ಷದಿಂದ ಅವರ ಮನೆಯಲ್ಲೇ ಇದ್ದೇನೆ. ಡಿಪೋದಲ್ಲಿ ಅವರಿಗೆ ಬೆಣ್ಣೆ ಬ್ರೇಕ್ ಎಂದು ಹೆಸರು. ಅವರ ಗಾಡಿಯಲ್ಲಿ ನಿಂತುಕೊಂಡೇ ತುಂಬಿದ ಲೋಟ ಟೀ ಕುಡಿಯಬಹುದು, ಒಂದು ಹನಿ ಚೆಲ್ಲುವುದಿಲ್ಲ ಎನ್ನುತ್ತಿದ್ದರು. ಹದಿನೈದು ವರ್ಷದಿಂದ ಅವರ ಜೊತೆ ಒಬ್ಬರೇ ಕಂಡಕ್ಟರ್. ನಾನು ಅವರನ್ನು ಮಾಮ ಎನ್ನುತ್ತೇನೆ. "ನನಗಿಂತ ಅವರ ಜೊತೇನೇ ಜಾಸ್ತಿ ಸಂಸಾರ ಮಾಡಿದಾರೆ," ಎಂದು ಚಿಕ್ಕಮ್ಮ ಚುಚ್ಚುವುದುಂಟು.

ಇನ್ನು ಕುಡಿತ. ಡಿಪೋ ಗೇಟಿನಲ್ಲಿ ಬೆಳಿಗ್ಗೆ ಊದುವ ಯಂತ್ರ ಇರುತ್ತದಲ್ಲ, ಅದಕ್ಕೆ ಒಮ್ಮೆಯೂ ಸಿಕ್ಕಿಬಿದ್ದಿಲ್ಲ ಎಂಬುದು ಚಿಕ್ಕಪ್ಪನ ಹೆಮ್ಮೆ. ಡ್ಯೂಟಿ ಮುಗಿಸಿ ಸಂಜೆ ಏಳಕ್ಕೆ ಗ್ಲಾಸು ಹಿಡಿದರೆ ಒಂಬತ್ತಕ್ಕೆ ಊಟ, ಹತ್ತಕ್ಕೆ ನಿದ್ದೆ. ಕೂಗಾಟವಿಲ್ಲ, ಕೈ ಎತ್ತಿದವರಲ್ಲ. ಹಾಗಾಗಿ ನಮ್ಮ ಲೆಕ್ಕದಲ್ಲಿ ಅವರು ಕುಡುಕರೇ ಅಲ್ಲ. ಕುಡುಕ ಎಂದರೆ ಚರಂಡಿಯಲ್ಲಿ ಬಿದ್ದಿರುವವನು. ನಮ್ಮವರು ಸೋಫಾದ ಮೇಲೆ ಕಾಲು ಚಾಚಿ ವಾರ್ತೆ ನೋಡುವವರು. ಬೆಳಿಗ್ಗೆ ಯೂನಿಫಾರ್ಮಿನ ಗುಂಡಿಗಳನ್ನು ಚಿಕ್ಕಮ್ಮನೇ ಹಾಕುತ್ತಿದ್ದರು. ಈ ವಯಸ್ಸಲ್ಲೂ ಎಂಥ ಪ್ರೀತಿ ಎಂದುಕೊಂಡಿದ್ದೆ. ಬೆಳಗಿನ ಹೊತ್ತು ಚಿಕ್ಕಪ್ಪನ ಬೆರಳುಗಳಿಗೆ ಗುಂಡಿ ಹಿಡಿಯಲಾಗದಷ್ಟು ನಡುಕ ಎಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ.

ಆ ಶನಿವಾರ ಕಳೆದು ಸೋಮವಾರ ಡ್ರೈವರುಗಳಿಗೆ ಮೆಡಿಕಲ್ ತಪಾಸಣೆ ಇತ್ತು. ಈ ವರ್ಷ ರಕ್ತ ತೆಗೆದು ಲಿವರ್ ನೋಡುತ್ತಾರಂತೆ, ಕೆಟ್ಟಿದ್ದರೆ ಸ್ಟೇರಿಂಗ್ ಬಿಡಿಸುತ್ತಾರಂತೆ ಎಂಬ ಸುದ್ದಿ ಡಿಪೋ ತುಂಬಾ ಓಡಾಡಿತು. ಬುಧವಾರ ಸಂಜೆ ಮಾಮ ಮನೆಗೇ ಬಂದು ಉಪಾಯ ಹೇಳಿದರು.

"ಇವತ್ತಿಂದ ಮುಟ್ಬೇಡಿ ಗುರುವೇ. ರಜೆ ಹಾಕಿ ಮನೇಲಿರಿ. ಐದು ದಿನ ಬಿಟ್ರೆ ರಕ್ತ ನಲ್ಲಿ ನೀರಿನ ಥರ ಆಗುತ್ತೆ."

"ಐದು ದಿನ ಏನ್ ಮಹಾ," ಎಂದರು ಚಿಕ್ಕಪ್ಪ.

ಚಿಕ್ಕಮ್ಮನ ಸಂತೋಷ ನೋಡಬೇಕಿತ್ತು. ಉಳಿದಿದ್ದ ಬಾಟಲಿಯನ್ನು ತಾವೇ ಸಿಂಕಿಗೆ ಸುರಿದು, ವಾಸನೆ ಹೋಗಲೆಂದು ಮೂರು ಸಲ ನೀರು ಬಿಟ್ಟರು.

ಗುರುವಾರ ಚಿಕ್ಕಪ್ಪ ಊಟ ಬೇಡ ಎಂದರು. ನಡುಮನೆಯಿಂದ ಅಡುಗೆಮನೆ, ಅಲ್ಲಿಂದ ಮತ್ತೆ ನಡುಮನೆ. ಕೂತರೆ ಏಳುವುದು, ಎದ್ದರೆ ಕೂರುವುದು. ಶುಕ್ರವಾರ ಲೋಟ ಹಿಡಿದರೆ ಹಲ್ಲಿಗೆ ತಾಗಿ ತಟ್ಟೆ ಬಡಿದ ಹಾಗೆ ಸದ್ದು. ನಿದ್ದೆ ಒಂದು ಗಳಿಗೆಯೂ ಇಲ್ಲ. "ವಿಷ ಹೊರಗೆ ಬರ್ತಿದೆ, ಬರಲಿ ಬಿಡು," ಎಂದು ಚಿಕ್ಕಮ್ಮ ನನಗೂ ತಮಗೂ ಸೇರಿಸಿ ಧೈರ್ಯ ಹೇಳಿದರು. ಸಂಜೆ ಚಿಕ್ಕಪ್ಪ ಹೊದಿಕೆ ಕೊಡವುತ್ತಲೇ ಇದ್ದರು. "ಇರುವೆ ಕಣೇ, ಎಷ್ಟು ಇರುವೆ ನೋಡು." ಒಂದೂ ಇರುವೆ ಇರಲಿಲ್ಲ.

ಶನಿವಾರ ಬೆಳಿಗ್ಗೆ ಮಂಚ ಬಸ್ ಆಯಿತು.

ಹತ್ತಿರ ಹೋಗಿ ಹಣೆ ಮುಟ್ಟಿದೆ, ಕೆಂಡ. ಆಸ್ಪತ್ರೆಗೆ ಹೋಗೋಣ ಎಂದೆ. ಚಿಕ್ಕಮ್ಮ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು.

"ಆಸ್ಪತ್ರೇಲಿ ಎಲ್ಲಾ ಬರ್ಕೋತಾರೆ. ಆ ಚೀಟಿ ಡಿಪೋಗೆ ಹೋದ್ರೆ ಮುಗೀತು. ಇನ್ನೆರಡು ದಿನ ತಾನೇ, ತಡ್ಕೊಳ್ಳೋಣ."

"ಚಿಕ್ಕಮ್ಮ, ಅವರಿಗೆ ನೀವು ಯಾರು ಅಂತಾನೇ ಗೊತ್ತಾಗ್ತಿಲ್ಲ."

ನಾನು ಮಾಮನಿಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಆಟೋ ತಂದರು. ಆದರೆ ಚಿಕ್ಕಪ್ಪ ಮಂಚ ಬಿಡಬೇಕಲ್ಲ. ತೋಳು ಹಿಡಿದರೆ ಕೊಸರುತ್ತಾರೆ, "ಬಿಡ್ರೀ, ಗಾಡಿ ತುಂಬಾ ಜನ ಇದಾರೆ, ಸಾಯಿಸ್ತೀರಾ" ಎನ್ನುತ್ತಾರೆ. ಮೂರು ದಿನದಿಂದ ಏನೂ ತಿನ್ನದ ಮನುಷ್ಯನಿಗೆ ಅದೆಲ್ಲಿಂದ ಬಂತೋ ಶಕ್ತಿ, ನಾವಿಬ್ಬರೂ ಸೇರಿ ಹಿಡಿಯಲಾಗಲಿಲ್ಲ.

ಮಾಮ ಹಿಡಿದ ತೋಳು ಬಿಟ್ಟರು. ಆಮೇಲೆ ಮಂಚದ ಹಿಂದಕ್ಕೆ ಹೋಗಿ, ಜೇಬಿನಿಂದ ಸೀಟಿ ತೆಗೆದು ಉದ್ದಕ್ಕೆ ಒಂದು ಸಲ ಊದಿದರು.

"ಗುರುವೇ, ಲಾಸ್ಟ್ ಸ್ಟಾಪ್. ಎಲ್ಲರೂ ಇಳಿದ್ರು. ಗಾಡಿ ಆಫ್ ಮಾಡಿ."

ಚಿಕ್ಕಪ್ಪ ನಿಧಾನಿಸಿದರು. ಬಲಗಾಲು ಒತ್ತಿದರು, ಗೇರ್ ನ್ಯೂಟ್ರಲ್ ಮಾಡಿದರು, ಹ್ಯಾಂಡ್ ಬ್ರೇಕ್ ಎಳೆದರು, ಬೀಗದ ಕೈ ತಿರುಗಿಸಿ ಇಲ್ಲದ ಜೇಬಿಗೆ ಹಾಕಿಕೊಂಡರು. ಮಂಚದಿಂದ ಇಳಿದು ಮಾಮನ ಹೆಗಲ ಮೇಲೆ ಕೈ ಹಾಕಿ ನಡೆದರು. ಆಟೋದಲ್ಲಿ ಕೂತ ಮೇಲೆ ಆಟೋದವನಿಗೂ ಬುದ್ಧಿ ಹೇಳಿದರು. "ಏರಲ್ಲಿ ಗೇರ್ ಇಳಿಸಪ್ಪ, ಪಾಪ ಇಂಜಿನ್ ನರಳ್ತಿದೆ."

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡ್ಯೂಟಿ ಡಾಕ್ಟರಮ್ಮ ನನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ನಾಡಿ ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟರು, ಬಿಪಿ ಪಟ್ಟಿ ಕಟ್ಟಿದರು. ಚಿಕ್ಕಪ್ಪ ಇಬ್ಬರು ವಾರ್ಡ್ ಬಾಯ್‌ಗಳ ನಡುವೆ ಚಡಪಡಿಸುತ್ತಿದ್ದರು.

"ಕುಡೀತಾರಾ?"

"ಯಾವಾಗಾದ್ರೂ," ಎಂದರು ಚಿಕ್ಕಮ್ಮ. "ಸ್ನೇಹಿತರು ಸಿಕ್ಕಾಗ ಒಂದಿಷ್ಟು."

ಡಾಕ್ಟರಮ್ಮ ಮಾಮನತ್ತ ನೋಡಿದರು. ಮಾಮ ಗೋಡೆಯ ಗಡಿಯಾರ ನೋಡಿದರು. ನಾನು ಚಿಕ್ಕಮ್ಮನ ಮುಖ ನೋಡುತ್ತಾ ನಿಂತೆ.

"ಹಾಗಾದ್ರೆ ಮಿದುಳಿಗೆ ಸೋಂಕು ತಗಲಿರಬಹುದು. ಸ್ಕ್ಯಾನ್ ಆಗ್ಬೇಕು, ಬೆನ್ನಿಂದ ನೀರು ತೆಗೀಬೇಕು. ಅದರ ರಿಪೋರ್ಟ್ ನೋಡ್ಕೊಂಡು ಮುಂದಿಂದು." ಪೆನ್ನು ಚೀಟಿಯ ಮೇಲಿತ್ತು. "ಅಮ್ಮ, ನೀವು ಹೇಳಿದ್ದನ್ನೇ ನಾನು ಬರೆಯೋದು. ಬರೆದಿದ್ದಕ್ಕೇ ಔಷಧಿ ಕೊಡೋದು. ತಪ್ಪು ದಾರೀಲಿ ಹೋದ್ರೆ ಇವರಿಗೆ ಅಷ್ಟು ಟೈಮ್ ಇಲ್ಲ."

ಪೆನ್ನು ಕದಲಿತು.

"ಬರೀಬೇಡಿ," ಎಂದರು ಚಿಕ್ಕಮ್ಮ. "ದಿನಾ ಅರ್ಧ ಬಾಟಲಿ. ರಜಾ ದಿನ ಬೆಳಿಗ್ಗೆಯಿಂದಲೇ ಶುರು, ಅವತ್ತು ಮುಕ್ಕಾಲು. ಖಾಲಿ ಬಾಟಲಿ ಪೇಪರಲ್ಲಿ ಸುತ್ತಿ ಕಸಕ್ಕೆ ಹಾಕೋಳು ನಾನೇ, ನಂಗೊತ್ತು. ಹತ್ತು ಹನ್ನೆರಡು ವರ್ಷ ಆಯ್ತು. ಬುಧವಾರದಿಂದ ಒಂದು ಹನಿ ಇಲ್ಲ."

ಡಾಕ್ಟರಮ್ಮ ಹಿಂದೆ ತಿರುಗಿ ನರ್ಸಿಗೆ ಏನೋ ಕೂಗಿದರು. ಇಂಜೆಕ್ಷನ್ ಬಂತು, ಸಲೈನ್ ಬಂತು, ಅದರೊಳಗೆ ಹಳದಿ ವಿಟಮಿನ್ ಬಿತ್ತು. ಅರ್ಧ ಗಂಟೆಯಲ್ಲಿ ಚಿಕ್ಕಪ್ಪನ ಕೈಗಳು ಸ್ಟೇರಿಂಗ್ ಬಿಟ್ಟು ಹಾಸಿಗೆಯ ಮೇಲೆ ಬಿದ್ದವು.

"ನಾನೇ ಬಿಡಿಸಿದ್ದು ಮೇಡಂ," ಎಂದರು ಮಾಮ. "ಬಿಟ್ರೆ ಒಳ್ಳೇದಲ್ವಾ?"

"ಒಳ್ಳೇದೇ. ಆದ್ರೆ ಇಷ್ಟು ವರ್ಷ ದಿನಾ ಕುಡಿದವರು ತಾವೇ ತಟಕ್ಕನೆ ನಿಲ್ಲಿಸಬಾರದು. ಬಾಗಿಲ ಆಚೆ ಕಡೆಯಿಂದ ಒಬ್ಬ ತಳ್ತಾ ಇದಾನೆ, ಈಚೆಯಿಂದ ನೀವು ಶಕ್ತಿ ಎಲ್ಲಾ ಹಾಕಿ ಒತ್ತಿ ಹಿಡ್ಕೊಂಡಿದೀರಿ ಅಂದ್ಕೊಳ್ಳಿ. ಅವನು ಸಡನ್ನಾಗಿ ಪಕ್ಕಕ್ಕೆ ಸರಿದ್ರೆ? ನೀವು ಮುಗ್ಗರಿಸ್ತೀರಿ. ಮಿದುಳೂ ಹಂಗೇ. ಫಿಟ್ಸ್ ಬರುತ್ತೆ, ಜೀವವೇ ಹೋಗಬಹುದು. ಡಾಕ್ಟರ್ ಹತ್ರ ಬಂದು, ಔಷಧಿ ತಗೊಂಡು ನಿಲ್ಲಿಸಬೇಕು."

ಮಾತಾಡುತ್ತಲೇ ಚಿಕ್ಕಪ್ಪನ ಪಾದಕ್ಕೆ ಪಿನ್ನಿನ ಮೊನೆ ತಾಗಿಸಿ ನೋಡಿದರು. ಎಡಗಾಲು, ಬಲಗಾಲು. ಎರಡೂ ಕದಲಲಿಲ್ಲ. ಔಷಧಿಯ ಮಂಪರು ಇಳಿದ ಮೇಲೆ, ಮೂರನೇ ದಿನ, ಮತ್ತೆ ಚುಚ್ಚಿ ಕೇಳಿದರು. "ಗೊತ್ತಾಗ್ತಿದೆಯಾ?"

ಚಿಕ್ಕಪ್ಪ ಸೂರು ನೋಡುತ್ತಾ ಹೇಳಿದರು. "ಇಲ್ಲ. ಒಂದು ವರ್ಷದಿಂದ ಹತ್ತಿ ಮೇಲೆ ನಡೆದ ಹಾಗಿದೆ."

ಕುಡಿತ ಕಾಲಿನ ನರವನ್ನೂ ತಿನ್ನುತ್ತದಂತೆ. ಮಾಮ ಸ್ಟೂಲಿನ ಮೇಲೆ ಕುಸಿದು ಕೂತರು. ಆರು ತಿಂಗಳಿಂದ ಬ್ರೇಕ್ ಜರ್ಕ್ ಹೊಡೆಯುತ್ತಿದೆ, ಜನ ಮುಂದಕ್ಕೆ ಬೀಳುತ್ತಿದ್ದಾರೆ ಎಂದು ಎರಡು ಸಲ ಡಿಪೋದಲ್ಲಿ ದೂರು ಬರೆಸಿದ್ದವರು ಅವರೇ. ಮೆಕ್ಯಾನಿಕ್‌ಗಳು ಎರಡು ಸಲ ಬಿಚ್ಚಿ ನೋಡಿ, ಗಾಡಿಯಲ್ಲಿ ಏನೂ ಇಲ್ಲ ಎಂದಿದ್ದರು.

"ಬ್ರೇಕ್ ಸರಿಯಿಲ್ಲ ಅಂತ ಗಾಡಿನ ಬೈದ್ನಲ್ಲಾ ಗುರುವೇ," ಎಂದರು.

"ನಂಗೊತ್ತಿತ್ತು ಕಣೋ," ಎಂದರು ಚಿಕ್ಕಪ್ಪ, ಗೋಡೆ ಕಡೆ ತಿರುಗಿಕೊಂಡು.

ಒಂಬತ್ತು ದಿನ ವಾರ್ಡಿನಲ್ಲಿದ್ದರು. ಸೋಮವಾರದ ಮೆಡಿಕಲ್ ಅವರಿಲ್ಲದೇ ಮುಗಿಯಿತು. ಮನೆಗೆ ಬಂದ ಮೇಲೆ ಚಿಕ್ಕಮ್ಮ ಡಿಸ್ಚಾರ್ಜ್ ಚೀಟಿಯನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದರು. ಒಂದು ವಾರ ಯಾರೂ ಆ ಮಾತೆತ್ತಲಿಲ್ಲ. ಎಂಟನೇ ದಿನ ಚಿಕ್ಕಪ್ಪ ಕೈ ಚಾಚಿದರು.

"ಕೊಡೇ ಅದನ್ನ."

"ಕೊಟ್ರೆ ಸ್ಟೇರಿಂಗ್ ಕಿತ್ಕೋತಾರೆ."

"ನಲವತ್ತು ಜನ ಕೂತಿರ್ತಾರೆ, ಕಾಲು ಎಲ್ಲಿದೆ ಅಂತ ಕಾಲಿಗೇ ಗೊತ್ತಿಲ್ಲ. ಕೊಡು."

ಚೀಟಿ ತಾವೇ ಹೋಗಿ ಕೊಟ್ಟರು. ಈಗ ಅವರಿಗೆ ಡಿಪೋ ಗೇಟಿನಲ್ಲಿ ಕೆಲಸ. ಗಾಡಿ ಹೊರಟ ಹೊತ್ತು, ಬಂದ ಹೊತ್ತು ಬರೆಯುವುದು. ಕಾಲಿಗೆ ಸ್ಪರ್ಶ ಸ್ವಲ್ಪ ವಾಪಸ್ ಬರಬಹುದು, ಬಾರದೆಯೂ ಇರಬಹುದು, ಕುಡಿದರೆ ಮಾತ್ರ ಖಂಡಿತ ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಲಿವರಿಗೂ ಅದೇ ಮಾತು. ಮೂರು ತಿಂಗಳಾಗಿದೆ. ಕುಡಿದಿಲ್ಲ. ನಾಳೆ ಗೊತ್ತಿಲ್ಲ, ಇವತ್ತಿನವರೆಗೆ ಇಲ್ಲ.

ಸಂಜೆ ಏಳಾದರೆ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಚಿಕ್ಕಪ್ಪ ಟಿವಿ ಹಾಕುತ್ತಾರೆ, ಆರಿಸುತ್ತಾರೆ. ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಬಾಟಲಿ ಅಂಗಡಿ ಇರುವುದೂ ಅದೇ ರಸ್ತೆಯಲ್ಲಿ. ಚಿಕ್ಕಮ್ಮ ಒಲೆ ಆರಿಸಿ, ಏನೋ ತರಲು ಹೊರಟವರಂತೆ ಚೀಲ ಹಿಡಿದು, ಹತ್ತು ಹೆಜ್ಜೆ ಬಿಟ್ಟು ಹಿಂದೆಯೇ ನಡೆಯುತ್ತಾರೆ. ನಿನ್ನೆ ನಾನೂ ಜೊತೆಗಿದ್ದೆ. ಅಂಗಡಿಗೆ ಇನ್ನೂ ನಾಲ್ಕು ಕಟ್ಟಡ ಇದ್ದಾಗ ಚಿಕ್ಕಪ್ಪ ನಿಂತರು, ತಿರುಗಲಿಲ್ಲ.

"ಲೇ, ಹಿಂದೆ ಅಂಟ್ಕೊಂಡು ಗಾಡಿ ಬಂದ್ರೆ ನಂಗೆ ತಲೆ ಕೆಡುತ್ತೆ ಅಂತ ಗೊತ್ತಿಲ್ವಾ? ಬರೋ ಹಾಗಿದ್ರೆ ಪಕ್ಕದಲ್ಲಿ ಬಾ."

ಚಿಕ್ಕಮ್ಮ ಚೀಲ ನನ್ನ ಕೈಗೆ ತುರುಕಿ ಓಡಿ ಹೋಗಿ ಅವರನ್ನು ಸೇರಿಕೊಂಡರು, ಅಂಗಡಿ ಇರುವ ಪಕ್ಕಕ್ಕೆ.